ನರಗುಂದದಿಂದ ಗಜೇಂದ್ರಗಡಕ್ಕೆ, ಕಡ ತಂದ ಸೆನ್ಸರ್ ಮೇಲೆ

ಬೆಳಿಗ್ಗೆ ಏಳಕ್ಕೆ ನರಗುಂದದ ಮನೆಯಿಂದ ಹೊರಟಾಗ ವ್ಯಾನಿನಲ್ಲಿ ಮೂವರಿದ್ದೆವು: ನಾನು, ಹೆಂಡತಿ ಗಿರಿಜಾ, ಹಿಂದಿನ ಸೀಟಿನಲ್ಲಿ ಎರಡು ದಿಂಬುಗಳ ನಡುವೆ ಅವ್ವ. ಅವ್ವನಿಗೆ ಎಂಬತ್ತೆರಡು. ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ, ದವಾಖಾನೆಗೆ ಬಿಟ್ಟರೆ ಬೇರೆಲ್ಲಿಗೂ ಹೋದವಳಲ್ಲ. ಗಜೇಂದ್ರಗಡದಲ್ಲಿ ನನ್ನ ಅಕ್ಕ ಕಮಲಳ ಮೊಮ್ಮಗಳಿಗೆ ಅಂದು ತೊಟ್ಟಿಲು ಕಟ್ಟುವವರಿದ್ದರು. ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವುದು ನಮ್ಮಲ್ಲಿ ಮನೆಯ ಹಿರಿಯ ಹೆಂಗಸಿನ ಕೆಲಸ. "ಅವ್ವಗ ಆಗದಿದ್ರ ನಾನ ಹಾಕ್ತೀನಿ ಬಿಡೋ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದು ಅವ್ವನ ಕಿವಿಗೆ ಬಿದ್ದಿತ್ತು. "ನಾ ಇನ್ನೂ ಅದೀನಿ ಅಂತ ಹೇಳ ಆಕಿಗೆ" ಎಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು.

ಬಸ್ಸಿನ ಮೆಟ್ಟಿಲು ಅವಳಿಂದ ಆಗುತ್ತಿರಲಿಲ್ಲ. ನಮ್ಮ ವ್ಯಾನಿಗಾದರೆ ಬದಿಗೆ ಸರಿಯುವ ಅಗಲವಾದ ಬಾಗಿಲು; ಕುರ್ಚಿಯಿಂದ ಎತ್ತಿ ಹಾಗೇ ಒಳಗೆ ಕೂರಿಸಬಹುದು. ಎರಡು ವರ್ಷದ ಹಿಂದೆ ಹಳೆಯದನ್ನೇ ಕೊಂಡಿದ್ದೆ. ಆ ಬಾಗಿಲು ಆಗಾಗ ಹಿಡಿದುಕೊಳ್ಳುತ್ತಿತ್ತು, ಕಾಲಡಿಯ ತಗಡಿಗೆ ತುಕ್ಕು ಬಂದಿತ್ತು. ಇವೆಲ್ಲ ಗಿರಿಜಾಗೂ ಗೊತ್ತಿದ್ದ ತೊಂದರೆಗಳು. ಅವಳಿಗೆ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಹಿಂದಿನ ವಾರ ಹೊಳೆಆಲೂರಿನ ರೈಲ್ವೆ ಸ್ಟೇಶನ್ನಿಗೆ ಹೋಗುವಾಗ ಗಾಡಿ ನಡುದಾರಿಯಲ್ಲಿ ಎರಡು ಸಲ ತಾನಾಗಿ ಬಂದ್ ಆಗಿತ್ತು. ನಮ್ಮೂರ ಮೆಕ್ಯಾನಿಕ್ ಮೊದಲು ಬ್ಯಾಟರಿ ಬದಲಿಸಿದ, ಆಮೇಲೆ ಪೆಟ್ರೋಲ್ ಪಂಪು ಬದಲಿಸಿದ. "ಇನ್ನ ಚಿಂತಿ ಇಲ್ಲರಿ" ಎಂದ. ನಾನೂ ನಂಬಿದೆ, ನಂಬುವುದು ನನಗೆ ಬೇಕಾಗಿತ್ತು.

ಗಜೇಂದ್ರಗಡ ಅರವತ್ತು ಕಿಲೋಮೀಟರಿನ ಆಸುಪಾಸು. ಮಾರ್ಚ್ ತಿಂಗಳಾದರೂ ಏಳೂವರೆಗೇ ಬಿಸಿಲು ಚುರುಕಾಗಿತ್ತು. ಕಡಲೆ ಕಿತ್ತು ಖಾಲಿಯಾದ ಎರೆಹೊಲಗಳನ್ನು ಅವ್ವ ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದಳು. ಬೆಣ್ಣಿಹಳ್ಳದ ಸೇತುವೆ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎಂಜಿನ್ ಒಮ್ಮೆ ಕೆಮ್ಮಿದಂತೆ ಮಾಡಿ ನಿಂತಿತು. ಕೀಲಿ ತಿರುವಿದರೆ ಗರಗರ ಸದ್ದು ಬರುತ್ತಿತ್ತೇ ಹೊರತು ಚಾಲೂ ಆಗಲಿಲ್ಲ. ಜಾಲಿಗಿಡದ ನೆರಳಿಗೆ ದೂಡಿ ಅರ್ಧ ತಾಸು ಕೂತೆವು. ಗಿರಿಜಾ ಅವ್ವನಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮತ್ತೆ ಕೀಲಿ ತಿರುವಿದಾಗ ಏನೂ ಆಗಿಲ್ಲವೆಂಬಂತೆ ಶುರುವಾಯಿತು.

ರೋಣದ ಮೊದಲ ಮನೆಗಳು ಕಾಣುವ ಹೊತ್ತಿಗೆ ಮತ್ತೆ ನಿಂತಿತು. ಆಗ ಒಂಬತ್ತೂವರೆ. ತಗಡಿನ ಶೆಡ್ಡೊಂದರ ಮುಂದೆ ಬೇವಿನ ಮರದಡಿ ನಮ್ಮದರಂಥದೇ ಬಿಳಿ ವ್ಯಾನ್ ನಿಂತಿತ್ತು. ಶೆಡ್ಡಿನೊಳಗಿಂದ ರೊಟ್ಟಿ ಬಡಿಯುವ ಸದ್ದು. ನಾನು ಕೆಳಗಿಳಿಯುವಷ್ಟರಲ್ಲಿ ನಲವತ್ತೈದರ ಹೆಂಗಸೊಬ್ಬರು ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಹೊರಗೆ ಬಂದರು.

"ಬಿಸಿ ಆದ್ರ ಬಂದ್, ತಣ್ಣಗಾದ್ರ ಚಾಲೂ. ಹೌದಲ್ರಿ?"

"ನಿಮಗ ಹ್ಯಾಂಗ ಗೊತ್ತಾತ್ರಿ?"

"ನಂದೂ ಇದ ಗಾಡಿ ಅಲ್ರಿ! ಒಂದ್ ವರ್ಷ ಅಳಿಸೇತಿ ನನ್ನ. ನಿಮ್ದು ಎಷ್ಟ ಸಲ ನಿಂತೈತ್ರಿ ಇಲ್ಲೀತನಕಾ?"

ಗಿರಿಜಾ ಪಕ್ಕದಲ್ಲೇ ನಿಂತಿದ್ದಳು. ಸುಳ್ಳು ಹೇಳಿದರೆ ರಿಪೇರಿ ತಪ್ಪುತ್ತದೆ. "ಇವತ್ತ ಎರಡು, ಹೋದ ವಾರ ಎರಡು" ಎಂದೆ.

ಗಿರಿಜಾ ನನ್ನ ಮುಖ ನೋಡಿದಳು. "ಹೋದ ವಾರ? ಗೊತ್ತಿದ್ದೂ ಅತ್ತೀನ್ನ ಕೂಡಿಸ್ಕೊಂಡ ಬಂದ್ರ್ಯಾ?"

ಆ ಹೆಂಗಸೇ ನಡುವೆ ಬಂದರು. "ಜಗಳ ಆಮ್ಯಾಲೆ ಮಾಡ್ರೆಕ್ಕಾ. ಮೊದಲ ಅಜ್ಜೀನ್ನ ಒಳಗ ಕರಕೊಂಡ ಬರ್ರಿ."

ಅವರ ಹೆಸರು ಮಾದೇವಿ. ಐದಾರು ಹೆಂಗಸರನ್ನು ಸೇರಿಸಿಕೊಂಡು ಜೋಳದ ರೊಟ್ಟಿ ಮಾಡಿ, ವ್ಯಾನನ್ನು ತಾವೇ ನಡೆಸಿಕೊಂಡು ದಿನಾ ಸಂಜೆ ಗದಗಿನ ಖಾನಾವಳಿಗಳಿಗೆ ಮುಟ್ಟಿಸುತ್ತಾರೆ. ಅವ್ವನನ್ನು ಒಂದು ಕುರ್ಚಿಗೆ ಇಳಿಸಿ, ಕುರ್ಚಿ ಸಮೇತ ಎತ್ತಿ ಶೆಡ್ಡಿನ ಬಾಗಿಲ ಬಳಿ, ಗಾಳಿ ಬರುವಲ್ಲಿ ಕೂರಿಸಿದರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂದವು. ಅವ್ವ ರೊಟ್ಟಿ ಮುರಿದು ಪರೀಕ್ಷೆ ಮಾಡಿದಳು. "ಅಂಚು ಇನ್ನೊಂಚೂರು ತೆಳ್ಳಗ ಆಗಬೇಕವ್ವಾ." ರೊಟ್ಟಿ ಬಡಿಯುತ್ತಿದ್ದವರೆಲ್ಲ ನಕ್ಕರು. ತೊಟ್ಟಿಲಿಗೆ ಗಜೇಂದ್ರಗಡಕ್ಕೆ ಹೊರಟದ್ದನ್ನೂ ಮರುದಿನ ಇದೇ ದಾರಿಯಲ್ಲಿ ತಿರುಗಿ ಬರುವುದನ್ನೂ ಅವ್ವನೇ ಅವರಿಗೆಲ್ಲ ಹೇಳಿದಳು.

ಈ ಗಾಡಿಗಳ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮಾದೇವಿಯವರು ನಮ್ಮ ಸೀಟು ಎತ್ತಿ ಒಳಗೆ ಕೈ ತೋರಿಸಿದರು. ಹೆಬ್ಬೆರಳಿನ ಗಾತ್ರದ ಕಪ್ಪು ಭಾಗ, ಅದಕ್ಕೊಂದು ವೈರು. "ಇದ ನೋಡ್ರಿ ಸೆನ್ಸರು. ಎಂಜಿನ್ ತಿರಗಾಕತ್ತೇತಿ ಅಂತ ಕಂಪ್ಯೂಟರಿಗೆ ಹೇಳೂದು ಇದ. ಬಿಸಿ ಏರಿತಂದ್ರ ಸುಮ್ಮನಾಗ್ತೈತಿ. ನಾನೂ ಬ್ಯಾಟರಿ ಹಾಕಿಸಿದೆ, ಪಂಪ್ ಹಾಕಿಸಿದೆ. ಎರಡ ಸಲ ರೊಟ್ಟಿ ದಾರ್ಯಾಗ ಉಳದು ಗಿರಾಕಿ ಹೋದ್ರು. ಕಡೀಕ ಗದಗಿನ ಮುದುಕ ಮೇಸ್ತ್ರಿಯೊಬ್ರು ಹಿಂಗ ಮಾಡಿ ತೋರಿಸಿದ್ರು. ಹೊಸಾ ಸೆನ್ಸರ್ ಹಾಕಿದ ಮ್ಯಾಲ ನಂದು ನಿಂತಿಲ್ಲ."

ಒದ್ದೆ ಬಟ್ಟೆಯನ್ನು ಅದರ ಮೇಲೆ ಎರಡು ನಿಮಿಷ ಒತ್ತಿ ಹಿಡಿದರು. "ಹಚ್ರಿ ಈಗ." ಕೀಲಿ ತಿರುವಿದೆ. ಗಾಡಿ ಚಾಲೂ ಆಯಿತು.

ನನಗಾದ ಸಂತೋಷ ಅವರ ಮುಂದಿನ ಮಾತಿಗೇ ಇಳಿಯಿತು. "ಮುಂದ ಸೂಡಿ ಊರತನಕ ಹೋಗ್ತೀರಿ. ಅಲ್ಲಿ ಮತ್ತ ನಿಂದರ್ತೈತಿ." ಅದೇ ಸೆನ್ಸರ್ ರೋಣದಲ್ಲಿ ಸಿಗುತ್ತದೆಯೇ ಎಂದು ಎರಡು ಅಂಗಡಿಗೆ ಅವರೇ ಫೋನ್ ಮಾಡಿ ಕೇಳಿದರು. ಇರಲಿಲ್ಲ. ಗಂಟೆ ಹತ್ತು ದಾಟಿತ್ತು, ಹನ್ನೆರಡರೊಳಗೆ ತೊಟ್ಟಿಲು. ಮಾದೇವಿಯವರು ಒಂದು ಗಳಿಗೆ ಅವ್ವನ ಕಡೆ ನೋಡಿದರು, ಆಮೇಲೆ ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಬೇವಿನ ಮರದಡಿ ನಿಂತ ತಮ್ಮ ವ್ಯಾನಿನ ಸೀಟು ಎತ್ತಿದರು.

"ಅಯ್ಯ ಬ್ಯಾಡ್ರಿ! ಸಂಜಿಗೆ ನೀವು ಗದಗಿಗೆ ಹ್ಯಾಂಗ ಹೋಗ್ತೀರಿ?" ಎಂದಳು ಗಿರಿಜಾ.

"ಬಸ್ಸ ಅದಾವಲ್ರಿ. ರೊಟ್ಟಿ ಬಸ್ಸಿನ್ಯಾಗ ಹೋಗ್ತಾವು, ಅಜ್ಜಿ ಹೋಗಂಗಿಲ್ಲ."

ಅವರ ಸೆನ್ಸರ್ ನಮ್ಮ ಗಾಡಿಗೆ ಬಂತು; ಒಂದೇ ಬೋಲ್ಟ್, ಹತ್ತು ನಿಮಿಷದ ಕೆಲಸ. ನಾವು ಯಾರು, ಮನೆ ಎಲ್ಲಿ, ಏನೂ ಕೇಳಲಿಲ್ಲ. "ನಾಳೆ ಬರೂ ಮುಂದ ಕೊಟ್ಟ ಹೋಗ್ರಿ, ಅಷ್ಟ" ಎಂದರು.

ಸೂಡಿ ಬಂತು, ಹೋಯಿತು. ಗಾಡಿ ನಿಲ್ಲಲಿಲ್ಲ. ಗುಡ್ಡದ ಸಾಲು ಕಂಡಾಗ ಗಿರಿಜಾ ನನ್ನತ್ತ ತಿರುಗಿದಳು. "ಇನ್ನ ಮುಂದ ಗಾಡಿಗೆ ಏನರ ಆದ್ರ ನನಗ ಹೇಳ್ರಿ." ಹೇಳುತ್ತೇನೆ ಎಂದೆ. ಹನ್ನೊಂದೂಕಾಲಿಗೆ ಅಕ್ಕನ ಮನೆ ಮುಟ್ಟಿದೆವು. ಅವರದು ಸೀರೆ ನೇಯುವ ಮನೆ. ಆ ದಿನ ಮಗ್ಗ ನಿಲ್ಲಿಸಿ, ಅದರ ಪಕ್ಕದ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಅವ್ವನನ್ನು ಕಂಡು ಅಕ್ಕ ಬಾಗಿಲಲ್ಲೇ ಅಳಲು ಶುರುಮಾಡಿದಳು. ಅವ್ವ ಅಳಲಿಲ್ಲ. ಕುರ್ಚಿಯಲ್ಲಿ ಕೂತೇ ಕೂಸನ್ನು ಇಸಿದುಕೊಂಡಳು. ನಾನು ಒಂದು ಬದಿಯಿಂದ, ಅಕ್ಕ ಇನ್ನೊಂದು ಬದಿಯಿಂದ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದೆವು. ತನ್ನ ಕೈಯಾರೆ ತಾನೇ ಕೂಸನ್ನು ತೊಟ್ಟಿಲಿಗೆ ಹಾಕಿದಳು.

ಮರುದಿನ ಗಜೇಂದ್ರಗಡದ ಅಂಗಡಿಯೊಂದರಲ್ಲಿ ಸೆನ್ಸರ್ ಸಿಕ್ಕಿತು. "ಎರಡು ಕೊಡ್ರಿ" ಎಂದಳು ಗಿರಿಜಾ. ಒಂದನ್ನು ಅಲ್ಲೇ ಹಾಕಿಸಿಕೊಂಡು, ರೋಣದಲ್ಲಿ ಮಾದೇವಿಯವರಿಗೆ ಅವರದ್ದನ್ನು ವಾಪಸ್ ಕೊಟ್ಟು, ಹೊಸದೊಂದನ್ನೂ ಕೈಯಲ್ಲಿಟ್ಟೆವು. ಅದನ್ನು ತೆಗೆದುಕೊಳ್ಳಲು ಅವರು ಒಪ್ಪಲೇ ಇಲ್ಲ. "ನಮ್ಮಂಥವರು ಇನ್ನೊಬ್ರು ಬಂದ್ರ ಬೇಕಾಗ್ತೈತ್ರಿ" ಎಂದು ಗಿರಿಜಾ ಹೇಳಿದ ಮೇಲೆ ಇಸಿದುಕೊಂಡರು. ನಿನ್ನೆ ತೊಂದರೆಯಾಯಿತೇ ಎಂದು ಕೇಳಿದೆ.

"ಕಿಟಕಿ ಬಾಜೂ ಸೀಟ ಸಿಕ್ತ್ರಿ" ಎಂದರು. "ಎಷ್ಟ ವರ್ಷ ಆಗಿತ್ತು, ಕೈಯಾಗ ಸ್ಟೇರಿಂಗ್ ಇಲ್ಲದ ಆ ದಾರಿ ನೋಡಿ! ಹೊಲಾ ಎಲ್ಲಾ ನೋಡ್ಕೋತ ಹೋದ್ನಿ. ಭಾಳ ಚಲೋ ಆತು." ಬಾಗಿಲ ಗಾಲಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡಿ, ಹಿಡಿದುಕೊಳ್ಳುವುದಿಲ್ಲ ಎಂದೂ ಹೇಳಿಕೊಟ್ಟರು. ಅವ್ವನ ಮಡಿಲಲ್ಲಿ ಹತ್ತು ರೊಟ್ಟಿಯ ಗಂಟು ಇಟ್ಟರು. "ಅಂಚು ನೋಡ್ರಿ ಅಜ್ಜಿ, ಇವತ್ತ ತೆಳ್ಳಗ ಅದಾವು."

ಸಂಜೆ ಐದಕ್ಕೆ ನರಗುಂದ ಬಂತು. ದಾರಿಯಲ್ಲಿ ಗಾಡಿ ತಾನಾಗಿ ಎಲ್ಲೂ ನಿಲ್ಲಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಕುರ್ಚಿ ತರಲು ಇಳಿಯುತ್ತಿದ್ದೆ. ಹಿಂದಿನಿಂದ ಅವ್ವ ನನ್ನ ಹೆಗಲು ಮುಟ್ಟಿದಳು.

"ತಮ್ಮಾ, ದಣಿದಿಲ್ಲಂದ್ರ ಊರಾಗ ಒಂದ್ ಸುತ್ತ ಹಾಕೋ. ಬಜಾರಾ, ಗುಡ್ಡದ ಕಡೆ... ಸುಮ್ಮನ ನೋಡ್ತೀನಿ."

ನಾನು ಗಿರಿಜಾಳ ಮುಖ ನೋಡಿದೆ. ಅವಳು ಆಗಲೇ ಇಳಿಯಲು ಬಾಗಿಲು ತೆರೆದಿದ್ದಳು. ಅದನ್ನು ಎಳೆದು ಹಾಕಿಕೊಂಡಳು.

"ಹಚ್ರಿ ಗಾಡಿ" ಎಂದಳು.