ಅಮ್ಮನ ಕಛೇರಿಗೆ ಹೋದ ಪಾಪು

ಹಾಡುವವರಿಗೆ ಕೇಳುಗರ ಚಪ್ಪಾಳೆ ದೊಡ್ಡದೋ, ಗೊರಕೆ ದೊಡ್ಡದೋ, ಹೇಳಿ ನೋಡೋಣ? ಚಪ್ಪಾಳೆ ಅಂದಿರಾ? ಸರಿ, ಹಾಗೇ ಇರಲಿ. ಪೂರ್ತಿ ಓದಿದ ಮೇಲೆ ಮತ್ತೆ ಕೇಳುವುದಿಲ್ಲ, ನಿಮ್ಮ ಮಾನ ಉಳಿಸುತ್ತೇನೆ.

ಫೋನಿನಲ್ಲಿ ಬರೆಯಲು ಕಲಿತದ್ದು ಈಚೆಗೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿಹೋಗುತ್ತದೆ. ಕಲಿಸಿದವಳು ನನ್ನ ಮೊಮ್ಮಗಳು. ಈ ಕತೆಯೂ ಅವಳದ್ದೇ. ಆಗ ಅವಳಿಗೆ ನಾಲ್ಕು ವರ್ಷ, ಮನೆಯಲ್ಲಿ ಎಲ್ಲರೂ ಪಾಪು ಅನ್ನುತ್ತಿದ್ದೆವು. ಫೋನುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ.

ನಮ್ಮ ಊರು ಆಂಧ್ರದ ಗಡಿಯಲ್ಲಿ, ಪರಿಗಿಯ ಹತ್ತಿರ. ಸೊಸೆ ಸಂಜೆ ಹೊತ್ತು ಬಸ್ಸು ಹತ್ತಿ ಹಿಂದೂಪುರಕ್ಕೆ ಸಂಗೀತದ ಪಾಠಕ್ಕೆ ಹೋಗುತ್ತಿದ್ದಳು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡರೆ ಸಾಕು, ಪಾಪು ಬಾಗಿಲಿಗೆ ಅಡ್ಡ ಮಲಗಿ ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅಮ್ಮ ಹೋಗುತ್ತಾಳೆ ಎಂಬುದಷ್ಟೇ ಅದಕ್ಕೆ ಗೊತ್ತು, ಎಲ್ಲಿಗೆ, ಯಾಕೆ ಎಂಬುದು ಗೊತ್ತಿಲ್ಲ. ಅಳುವ ಮಗುವನ್ನು ದಾಟಿಕೊಂಡು ಹೋಗುವುದು ಯಾವ ತಾಯಿಗೆ ಸುಲಭ? ಒಂದು ಸಂಜೆ ಅವಳು ಬಸ್‌ ಸ್ಟಾಪಿನಿಂದಲೇ ವಾಪಸು ಬಂದು ಅಡುಗೆಮನೆಯಲ್ಲಿ ಕೂತುಬಿಟ್ಟಳು.

"ಸಾಕು ಅತ್ತಮ್ಮ. ಕಲ್ಯಾಣದುರ್ಗದ ರಾಮನವಮಿ ಕಛೇರಿಗೆ ಒಪ್ಕಂಡ್ಬುಟ್ಟಿದೀನಿ. ಅದೊಂದು ಹಾಡಿ ನಿಲ್ಲಿಸ್ಬುಡ್ತೀನಿ."

"ನಿಲ್ಸಾದು ಆಮೇಲೆ ಇರ್ಲಿ. ಪಾಪೂನ ಅಲ್ಲಿಗೇ ಕರ್ಕಂಡ್ ಬತ್ತೀನಿ. ನೀನೇನ್ ಮಾಡ್ತೀಯ ಅಂತ ಕಣ್ಣಾರೆ ನೋಡ್ಲಿ."

"ಅಲ್ಲೂ ಅತ್ರೆ?"

"ಅತ್ರೆ ನಿಲ್ಸು. ನಿನ್ನ ತಂಬೂರಿನ ನಾನೇ ಅಟ್ಟದ ಮ್ಯಾಲೆ ಇಡ್ತೀನಿ."

ನಾನು ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. "ಹೂಂ, ಹಂಗೇ ಆಗ್ಲಿ" ಎಂದಳು. ಅವಳು ಹಾಡು ಬಿಟ್ಟರೆ ನಮ್ಮ ಮನೆಯಲ್ಲಿ ಉಳಿಯುವುದು ನನ್ನ ಬಾಯೊಂದೇ.

ಮೊದಲು ಯಾವ ಪದ ಹಾಡುವುದು ಎಂಬ ಮಾತು ಬಂತು. "ಪಾಪೂಗೆ ಗೊತ್ತಿರೋ ರಾಮನ ಪದಾನೇ ಹಾಡ್ತೀನಿ. ಹೊಸದಾದ್ರೆ ಹೆದ್ರಿಕಂತದೆ" ಎಂದಳು. ಸರಿಯಾದ ಮಾತೇ ಎಂದು ನಾನೂ ತಲೆ ಆಡಿಸಿದೆ, ನನ್ನ ಮಗನೂ ಆಡಿಸಿದ. ಮೂರು ತಲೆ ಸೇರಿದರೂ ಬುದ್ಧಿ ಒಂದೂ ಇರಲಿಲ್ಲ.

ರಾಮನವಮಿಯ ದಿನ ಸೊಸೆ ಪಕ್ಕವಾದ್ಯದವರ ಜೊತೆ ಮುಂಚೆಯೇ ಹೊರಟಳು. ಊಟವಾದ ಮೇಲೆ ಮಗ ಗೆಳೆಯನ ಕಾರು ತಂದ. ಮಡಕಶಿರಾ, ಪಾವಗಡದ ಮೇಲೆ ಹೋದೆವು. ಕಿಟಕಿಯಿಂದ ಬರುವ ಗಾಳಿ ಬಾಣಲೆಯಿಂದ ಎದ್ದು ಬಂದಂತಿತ್ತು. ಪಾಪು ಅಂಗನವಾಡಿಯಲ್ಲಿ ಆಗಷ್ಟೇ ತೆಲುಗು ಅಕ್ಷರ ಕಲಿಯುತ್ತಿತ್ತು. ಪಾವಗಡದಲ್ಲಿ ಕನ್ನಡದ ಬೋರ್ಡುಗಳು ಬಂದಾಗ, "ಅಜ್ಜಿ, ಇಲ್ಲಿ ಅಕ್ಷರಗಳು ಟೋಪಿ ಬದ್ಲಾಯ್ಸಿವೆ" ಎಂದಿತು. ಆಮೇಲೆ ಒಂದು ಹುಣಸೆಮರದ ಕೆಳಗೆ ಕಾರು ನಿಲ್ಲಿಸುವಂತೆ ಮಾಡಿ, ದಾರಿಯಲ್ಲಿ ತಿಂದ ಸೌತೆಕಾಯನ್ನೆಲ್ಲ ವಾಂತಿ ಮಾಡಿತು.

"ನೀನು ಉಪ್ಪು ಖಾರ ಹಾಕಿ ತಿನ್ನಿಸ್ದೆ ನೋಡು" ಎಂದು ಮಗ ನನ್ನ ಮೇಲೆ ರೇಗಿದ.

"ಸುಮ್ಕಿರಪ್ಪ. ಹೊಟ್ಟೆ ಖಾಲಿಯಾಯ್ತು, ಇನ್ನು ಮಲ್ಗುತ್ತೆ. ಈಗ ಮಲ್ಗುದ್ರೆ ಸಂಜೆ ಎಚ್ಚರ ಇರ್ತದೆ."

ಹಾಗೇ ಆಯಿತು. ಕಲ್ಯಾಣದುರ್ಗ ಬರುವವರೆಗೂ ಪಾಪು ನನ್ನ ತೊಡೆಯ ಮೇಲೆ ಚೆನ್ನಾಗಿ ನಿದ್ದೆ ಮಾಡಿತು. ನಾನು ಮೀಸೆಯಿಲ್ಲದಿದ್ದರೂ ಮೀಸೆ ತಿರುವಿದೆ.

ಕಛೇರಿ ಒಂದು ಕಲ್ಯಾಣಮಂಟಪದಲ್ಲಿ. ಬಾಗಿಲಲ್ಲೇ ಪಾನಕ, ದೊನ್ನೆಯಲ್ಲಿ ಕೋಸಂಬರಿ. ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕೂತೆವು. ಪಾಪು ಕಣ್ಣರಳಿಸಿಕೊಂಡು ಹೆಸರುಬೇಳೆ ಅಗಿಯುತ್ತಿತ್ತು. ಅಮ್ಮ ತಂಬೂರಿ ಹಿಡಿದು ವೇದಿಕೆಯ ಮೇಲೆ ಕೂತದ್ದೇ, "ನಮ್ಮಮ್ಮ!" ಎಂದು ಕೂಗಿತು. ಜನ ನಕ್ಕರು.

ಸೊಸೆ ಹಾಡು ಎತ್ತಿಕೊಂಡಳು. ಎರಡನೆಯ ಸಾಲಿಗೆ ಪಾಪುವಿನ ಹೆಬ್ಬೆರಳು ಬಾಯಿಗೆ ಹೋಯಿತು. ತಲೆ ನನ್ನ ಎದೆಗೆ ವಾಲಿತು. ಆಮೇಲೆ ಸಣ್ಣಗೆ ಗೊರಕೆ.

ಆಗ ಹೊಳೆಯಿತು ನನಗೆ. ಅಡುಗೆ, ಪಾತ್ರೆ, ಪಾಠ ಎಲ್ಲ ಮುಗಿದ ಮೇಲೆ ಅವಳಿಗೆ ಅಭ್ಯಾಸಕ್ಕೆ ಹೊತ್ತೆಲ್ಲಿತ್ತು? ದಿನಾ ಪಾಪುವನ್ನು ಮಡಿಲಲ್ಲಿ ಹಾಕಿಕೊಂಡು, ಅದರ ಬೆನ್ನ ಮೇಲೇ ತಾಳ ತಟ್ಟಿಕೊಂಡು ಇದೇ ಪದ ಹಾಡುತ್ತಿದ್ದಳು. ನಮಗೆ ಅದು ರಾಮನ ಪದ. ಮಗುವಿಗೆ ಅದು ಮಲಗು ಎಂಬ ಅಪ್ಪಣೆ.

ನನಗೆ ಗಾಬರಿಯಾಯಿತು. ಇಷ್ಟು ದೂರ ಬಂದು ಏನೂ ನೋಡದೆ ಹೋದರೆ ನಾಳೆ ಸಂಜೆ ಮತ್ತೆ ಬಾಗಿಲಿಗೆ ಅಡ್ಡ ಮಲಗುತ್ತದೆ, ತಂಬೂರಿ ಅಟ್ಟಕ್ಕೆ ಹೋಗುತ್ತದೆ. ಮೆಲ್ಲಗೆ ತೊಡೆ ಗಿಲ್ಲಿದೆ. "ಊಂ" ಎಂದು ಮಗ್ಗುಲು ಬದಲಿಸಿತು. ಇನ್ನೊಂದು ಸಲ ಸ್ವಲ್ಪ ಜೋರಾಗಿ ಗಿಲ್ಲಿದೆ.

ಪಕ್ಕದಲ್ಲಿದ್ದ ಮುದುಕಿ ಕಣ್ಣು ಕೆಕ್ಕರಿಸಿದಳು. "ಎಂದುಕಮ್ಮಾ ಬಿಡ್ಡನಿ ಗಿಲ್ಲುತಾವು? ನಿದ್ರಪೋನೀ!" ಮಗುವನ್ನು ಯಾಕೆ ಗಿಲ್ಲುತ್ತೀಯ, ಮಲಗಲು ಬಿಡು ಎಂಬ ಗದರಿಕೆ.

ಹಾಡುತ್ತಿರುವವಳೇ ಇದರ ತಾಯಿ ಎಂದು ನಾನೂ ತೆಲುಗಿನಲ್ಲೇ ಪಿಸುಗುಟ್ಟಿದೆ. ಅವಳು ವೇದಿಕೆ ನೋಡಿದಳು, ಮಗುವನ್ನು ನೋಡಿದಳು, ಬೊಚ್ಚುಬಾಯಿ ತುಂಬ ನಕ್ಕಳು. ತಾಯಿ ಹಾಡಿದರೆ ಮಗು ಮಲಗದೆ ಕುಣಿಯುತ್ತದೆಯೇ ಎಂದಳು.

ಅಷ್ಟರಲ್ಲಿ ಸೊಸೆಯೂ ನೋಡಿಬಿಟ್ಟಳು. ಅಲ್ಲಿಯವರೆಗೆ ತುಂಬಿದ ಕೊಡ ಹೊತ್ತವಳಂತೆ ಹೆದರಿ ಹೆದರಿ ಹಾಡುತ್ತಿದ್ದವಳು ಸಣ್ಣಗೆ ನಕ್ಕಳು. ದನಿ ಸಡಿಲವಾಯಿತು. ತಾಳ ಹಾಕುತ್ತಿದ್ದ ಕೈ ಮಗುವಿನ ಬೆನ್ನು ತಟ್ಟುವಂತೆ ಮೆತ್ತಗೆ ಬೀಳತೊಡಗಿತು. ಮೃದಂಗದವರೂ ಅದನ್ನು ಹಿಡಿದುಕೊಂಡರು. ಅದೇ ಸಾಲನ್ನು ಬಿಡಿಸಿ ಬಿಡಿಸಿ ಹಾಡಿದಳು. ಮಂಟಪದಲ್ಲಿ ದೊನ್ನೆಯ ಸದ್ದೂ ನಿಂತಿತ್ತು.

ಕಛೇರಿ ಮುಗಿದ ಮೇಲೆ ಪಾಪು ಅಮ್ಮನ ಮಡಿಲಲ್ಲಿ ಕಣ್ಣು ಬಿಟ್ಟಿತು.

"ಅಮ್ಮ, ನೀನು ದಿನಾ ಹೋಗಾದು ನಂಗೆ ನಿದ್ದೆ ಮಾಡ್ಸಾ ಪದ ಕಲಿಯಾಕಾ?"

"ಹೂಂ ಕಣವ್ವ."

ಪಾಪು ಕೊಂಚ ಯೋಚಿಸಿತು. "ಹಂಗಾದ್ರೆ ಹೋಗ್ಬುಟ್ ಬಾ. ಇನ್ನೊಂದು ಪದಾನೂ ಕಲ್ತ್ಕಂಡ್ ಬಾ."

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದಳು, ನಾನೂ ಹೌದೆಂದೆ. ಆಮೇಲೆ ಜಂಬ ತಡೆಯದೆ ಅಂದೆ: "ನೋಡ್ದಾ? ಅಳ್ಲಿಲ್ಲ. ಇನ್ಮೇಲೆ ಎಲ್ಲಾ ಕಛೇರಿಗೂ ನಾನೇ ಕರ್ಕಂಡ್ ಬತ್ತೀನಿ."

ಅವಳು ಪಾಪುವಿನ ಲಂಗ ಸರಿಸಿ, ತೊಡೆಯ ಮೇಲಿನ ಕೆಂಪು ಗುರುತನ್ನು ಸವರಿದಳು.

"ನಾನೇನು ಕಣ್ ಮುಚ್ಕಂಡು ಹಾಡ್ಲಿಲ್ಲ ಅತ್ತಮ್ಮ. ಮುಂದಿನ ಸಲಾನೂ ಪಾಪೂನ ಕರ್ಕಂಡ್ ಬನ್ನಿ. ನಿಮ್ಮ ಬೆರಳ್ನ ಮಾತ್ರ ಮನೇಲಿಟ್ಬುಟ್ ಬನ್ನಿ."