ಹಾದ್ಯಾಗ ಅದಾವ

ರಾಮದುರ್ಗದ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅಕ್ಕೋರಿಗೆ ಬೋರ್ಡಿನ ಮೇಲೆ ಚಿತ್ರ ಬರೆಯುವುದೆಂದರೆ ಬೇಸರ. ಮೆದುಳಿನ ಪಾಠದ ದಿನ ನಮ್ಮನ್ನೆಲ್ಲ ವರಾಂಡಕ್ಕೆ ಕರೆತಂದು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ ಇಡಿಸಿ ಸಾಲು ಮಾಡಿದರು.

"ಇಲಿ ಹುಟ್ಟಿ ದೊಡ್ಡದಾದಮ್ಯಾಲೂ ಅದರ ಮೆದುಳಿನ್ಯಾಗ ಹೊಸಾ ನರಕೋಶ ಹುಟ್ಟತಾವ. ಹಿಂಗ ಒಂದನ್ನೊಂದು ಹಿಡಕೊಂಡು ಮುಂದ ಹೋಗತಾವ, ವಾಸನಿ ತಿಳಿಯೋ ಜಾಗಾಕ್ಕ. ನಡೀರಿ!"

ನಡೆದೆವು. ಯಾರೋ, "ಜಾಗಾ ಮುಟ್ಟಿದುವೇನ್ರಿ ಅಕ್ಕೋರ?" ಎಂದರು.

"ಹಾದ್ಯಾಗ ಅದಾವ."

ಆಮೇಲೆ ಬಾರದ ಬಸ್ಸಿಗೂ, ಬಾರದ ರಿಸಲ್ಟಿಗೂ ಅವರದು ಅದೇ ಮಾತು. ಈಗಲೂ ಕಬ್ಬಿನ ಚಕ್ಕಡಿಗಳ ಸಾಲು ಅಡ್ಡ ಬಂದರೆ ನನಗೆ ಆ ವರಾಂಡವೇ ನೆನಪಾಗುತ್ತದೆ.

ಕೊರೊನಾ ಬಂದುಹೋದ ಮೇಲೆ ಅಕ್ಕೋರಿಗೆ ವಾಸನೆಯೇ ತಿಳಿಯುತ್ತಿಲ್ಲವೆಂದು ಕೇಳಿ, ಹೋದ ವರ್ಷ ಅವರ ಮನೆಗೆ ಹೋದೆ. ಮಾತಿನ ನಡುವೆಯೇ ಮಸಾಲೆ ಖಾರದ ಡಬ್ಬಿ ತೆರೆದು ಮೂಗಿಗೆ ಹಿಡಿಯುವರು, ಕಣ್ಣು ಮುಚ್ಚುವರು, ಮತ್ತೆ ಮುಚ್ಚಳ ಹಾಕುವರು. ಆಮೇಲೆ ಚಹಾ ಕೊಟ್ಟರು. ಹಾಲು ತಳ ಹತ್ತಿ ಚಹಾವೆಲ್ಲ ಸೀದ ವಾಸನೆ. ಸುಮ್ಮನೆ ಕುಡಿದೆ.

ನನ್ನ ಮಾರಿ ನೋಡಿ, "ಹಾಲು ಹೊತ್ತಿತ್ತೇನ?" ಎಂದರು.

"ಇಲ್ಲರಿ ಅಕ್ಕೋರ, ಚಲೋ ಆಗೇತಿ."

ಅವರು ನಕ್ಕರು. "ಹೊಸಾ ನರಕೋಶ ಹುಟ್ಟೋದು ಇಲಿದು ಖಾತ್ರಿ ಐತಿ. ಮನಷ್ಯಾರದ್ದು ಇನ್ನೂ ತಕರಾರಿನ್ಯಾಗ ಐತಿ."

ಹೊರಟೆ. ಹೊಸ್ತಿಲ ಹತ್ತಿರ ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಎರಡೂ ಕೈ ಇಟ್ಟರು. ನಾನು ತಿರುಗಲಿಲ್ಲ.

"ಮುಟ್ಟಿದುವೇನ್ರಿ ಅಕ್ಕೋರ?"

ಕೈಗಳು ಸ್ವಲ್ಪ ಬಿಗಿಯಾದವು.

"ಹಾದ್ಯಾಗ ಅದಾವ. ನಡಿ."