ಭಾವನ ಹೊಟ್ಟೆ ತಿಕ್ಕಬೇಡಿ

ನನ್ನ ಭಾವನ ಹೊಟ್ಟೆಯ ಮೇಲೆ ಬೀಸಣಿಗೆ ಕುಣಿಯುತ್ತಿತ್ತು.

ಗಾಳಿಯ ಸುಳಿವೇ ಇರಲಿಲ್ಲ. ಭಟ್ಕಳದಲ್ಲಿ ಅಕ್ಕನ ಮನೆಯ ಜಗಲಿ, ಭಾನುವಾರದ ಮಧ್ಯಾಹ್ನ, ಮೈಯೆಲ್ಲ ಬೆವರುವ ಸೆಕೆ. ಊಟ ಮುಗಿಸಿದ ಭಾವ ಅಂಗಾತ ಮಲಗಿ, ಬೀಸಿ ಸಾಕಾದ ಬೀಸಣಿಗೆಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದರು. ಅದು ತಾಳ ಹಾಕಿದ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು.

ಇದೆಂತ ಭಾವಾ ಎಂದು ಕೇಳಿದೆ.

"ಬಟ್ಟಿ ಜಾರಿದೆ ಮಾರಾಯಾ. ಮತ್ತೆಂತ ಇಲ್ಲ" ಎಂದು ಮಗ್ಗುಲಾದರು.

ನಮ್ಮ ಕಡೆಯವರಿಗೆ ಬಟ್ಟಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. ಹೊಕ್ಕುಳ ಮೇಲೆ ಬೆರಳು ಊರಿದರೆ ಒಳಗೊಂದು ಬಡಿತ ಸಿಗುತ್ತದೆ. ಅದು ಜಾಗ ಬಿಟ್ಟು ಆಚೀಚೆ ಸರಿದರೆ ಬಟ್ಟಿ ಜಾರಿತು ಎನ್ನುತ್ತೇವೆ. ಭಾರ ಎತ್ತಿದರೆ ಜಾರುತ್ತದೆ, ಕಾಲು ತಪ್ಪಿದರೂ ಜಾರುತ್ತದೆ. ಆಗ ಬಟ್ಟಿ ತೆಗೆಯುವವರ ಹತ್ತಿರ ಹೋಗಬೇಕು. ಅವರು ಎಣ್ಣೆ ಹಚ್ಚಿ, ಹೆಬ್ಬೆರಳು ಊರಿ, ಹೊಟ್ಟೆಯನ್ನು ತಿಕ್ಕಿ ತಿಕ್ಕಿ ಬಡಿತವನ್ನು ಸ್ವಸ್ಥಾನಕ್ಕೆ ತಂದು ಕೂರಿಸುತ್ತಾರೆ. (ನನ್ನದನ್ನೂ ಒಮ್ಮೆ ಕೂರಿಸಿದ್ದಾರೆ. ಮದುವೆಯಾದ ಹೊಸತು, ಮಾವನ ಮನೆಯ ಹಲಸಿನ ಹಣ್ಣಿನ ಪ್ರತಾಪ.)

ಆದರೆ ಕಣ್ಣಿಗೆ ಕಾಣುವ ಬಡಿತವನ್ನು ನಾನು ನೋಡಿರಲಿಲ್ಲ. ಮೊದಲೇ ನಾನು ಪುಕ್ಕಲ. ಮನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ನನಗೆ ಊಟ ಸೇರುವುದಿಲ್ಲ ಎಂಬುದು ಹೆಂಡತಿಯ ಖಾಯಂ ದೂರು. ಮರುದಿನ ಹೊನ್ನಾವರದ ನನ್ನ ಆಫೀಸಿಗೆ ರಜೆ ಹಾಕಿ ಭಾವನನ್ನು ಕುಮಟೆಗೆ ಹೊರಡಿಸಿದೆ. ಭಾವ ಟೇಲರು. ಮದುವೆ ಸೀಸನ್ನಿನ ಹೊಲಿಗೆ ರಾಶಿ ಬಿದ್ದಿದೆ ಎಂದು ದಾರಿಯುದ್ದಕ್ಕೂ ಗೊಣಗಿದರು. ಒಂದು ಬಸ್ಸು, ಹೊನ್ನಾವರದಲ್ಲಿ ಹೊಳೆ ದಾಟಲು ಲಾಂಚು, ಮತ್ತೆ ಇನ್ನೊಂದು ಬಸ್ಸು.

ಕುಮಟೆಯ ಡಾಕ್ಟರು ಬೊಂಬಾಯಿಯಲ್ಲಿ ಕಲಿತು ಬಂದವರು. ಭಾವನ ಹೊಟ್ಟೆಯ ಎರಡೂ ಬದಿಗೆ ಅಂಗೈಗಳನ್ನು ಮೆಲ್ಲಗೆ ಇಟ್ಟರು. ಪ್ರತಿ ಬಡಿತಕ್ಕೂ ಆ ಕೈಗಳು ಒಂದರಿಂದೊಂದು ದೂರ ಸರಿಯುವುದು ನನಗೇ ಕಾಣುತ್ತಿತ್ತು. ಸ್ಟೆಥಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿದರು. ಕೊನೆಗೆ ಭಾವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು.

ಹಾಗೆ ಒಬ್ಬನನ್ನೇ ಕರೆದು ಒಳ್ಳೆಯ ಸುದ್ದಿ ಹೇಳಿದ ಡಾಕ್ಟರನ್ನು ನೀವು ಕಂಡಿದ್ದೀರಾ?

"ಅನ್ಯೂರಿಸಂ" ಎಂದರು.

ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳಕ್ಕೆ ಅಯೋರ್ಟಾ ಎಂದು ಹೆಸರು. ಭಾವನ ಅಯೋರ್ಟಾದ ಗೋಡೆ ಹೊಟ್ಟೆಯೊಳಗೆ ಒಂದು ಕಡೆ ಸಡಿಲಾಗಿ, ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬಿದೆಯಂತೆ. ಇದರಲ್ಲಿ ಬಗೆಗಳಿವೆಯೇ ಎಂದು ಕೇಳಿದೆ. (ಸ್ವಲ್ಪವಾದರೂ ಸೌಮ್ಯವಾದ ಬಗೆ ಇರಬಹುದೆಂಬ ಆಸೆ.) ಇವೆಯಂತೆ. ನಾಳ ಸುತ್ತಲೂ ಉಬ್ಬಿ, ನೂಲು ಸುತ್ತಿದ ಕದಿರಿನ ಆಕಾರವಾದರೆ ಅದು ಫ್ಯೂಸಿಫಾರ್ಮ್. ಒಂದೇ ಮಗ್ಗುಲಿಗೆ ಚೀಲ ಜೋತುಬಿದ್ದಂತಿದ್ದರೆ ಸ್ಯಾಕ್ಯುಲರ್. ಗೋಡೆಯ ಪದರಗಳೇ ಬಿಟ್ಟುಕೊಂಡು ನಡುವೆ ರಕ್ತ ನುಗ್ಗಿದರೆ ಡಿಸೆಕ್ಟಿಂಗ್. ಮಿದುಳಿನ ಬುಡದಲ್ಲಿ ಸಣ್ಣ ಹಣ್ಣಿನಂತೆ ಕೂರುವುದಕ್ಕೆ ಬೆರಿ. ಗಾಯವಾಗಿ ರಕ್ತ ಹೊರಗೆ ಸೋರಿ, ಅದರ ಸುತ್ತ ಗಂಟು ಕಟ್ಟಿ ಬಡಿಯತೊಡಗಿದರೆ ಅದು ಸುಳ್ಳು ಅನ್ಯೂರಿಸಂ.

ರೋಗದಲ್ಲೂ ಸುಳ್ಳು ರೋಗವಿದೆ ನೋಡಿ. ಭಾವನದು ನಿಜವಾದದ್ದೇ, ಫ್ಯೂಸಿಫಾರ್ಮ್.

ಒಡೆದರೆ ಎಂದು ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗುವುದಿಲ್ಲ ಎಂದರು. ಭಾರ ಎತ್ತಬಾರದು, ಹೊಟ್ಟೆಯನ್ನು ಯಾರೂ ಒತ್ತಬಾರದು, ತಿಕ್ಕಬಾರದು ಎಂದರು. ಬೊಂಬಾಯಿಯಲ್ಲಿ ಈಗೀಗ ಇದಕ್ಕೆ ಆಪರೇಷನ್ ಮಾಡುತ್ತಾರೆ, ಕೆಟ್ಟ ಭಾಗ ತೆಗೆದು ಬಟ್ಟೆಯ ಕೊಳವೆ ಹೊಲಿಯುತ್ತಾರೆ, ಬೇಗ ಕರೆದುಕೊಂಡು ಹೋಗಿ, ಆದರೆ ರೋಗಿಯನ್ನು ಹೆದರಿಸಬೇಡಿ ಎಂದು ಹೇಳಿ ಒಂದಿಷ್ಟು ಗುಳಿಗೆ ಕೊಟ್ಟರು.

ಹೊರಗೆ ಬಂದಾಗ ಭಾವ ಕೇಳಿದರು. "ಎಂತ ಅಂದ್ರು ಡಾಕ್ಟ್ರು?"

ಗ್ಯಾಸು ಎಂದೆ.

ವಾಪಸು ಬರುವಾಗಿನ ಆ ಬಸ್ಸಿನ ಪ್ರಯಾಣ ಶತ್ರುವಿಗೂ ಬೇಡ. ಚಕ್ರ ಹೊಂಡಕ್ಕೆ ಇಳಿದಾಗಲೆಲ್ಲ ನನ್ನ ಕೈ ತಾನಾಗಿ ಭಾವನ ಹೊಟ್ಟೆಗೆ ಅಡ್ಡ ಹೋಗುತ್ತಿತ್ತು. ಗ್ಯಾಸು ಇರುವುದು ನಿನಗೋ ನನಗೋ ಎಂದು ಅವರು ನಗೆಯಾಡಿದರು. ನನಗೆ ನಗು ಬರಲಿಲ್ಲ.

ಭಟ್ಕಳಕ್ಕೆ ಬಂದವನು ಅಕ್ಕನನ್ನು ಬಾವಿಕಟ್ಟೆಯ ಹತ್ತಿರ ಕರೆದು ಎಲ್ಲ ಹೇಳಿದೆ. ಅಕ್ಕ ಕೊಡಪಾನ ಕೆಳಗಿಟ್ಟಳು. ನನ್ನ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಅವರಿಗೆ ಹೇಳೂದಿಲ್ಲ ಅಂತ ಆಣೆ ಮಾಡು ತಮ್ಮಾ. ನಂಗೆ ಗೊತ್ತಿದ್ದದ್ದೂ ಅವರಿಗೆ ತಿಳೀಬಾರದು."

ಬೊಂಬಾಯಿಯ ಮಾತನ್ನು ಸಮಯ ನೋಡಿ ತಾನೇ ತೆಗೆಯುತ್ತೇನೆ ಎಂದಳು. ಆಣೆ ಮಾಡಿದೆ. ತಲೆಯ ಮೇಲೆ ಕೈ ಇಡಿಸಿಕೊಂಡವಳ ಎದುರು ವಾದ ಮಾಡುವುದು ಹೇಗೆ?

ಮುಂದಿನ ಭಾನುವಾರ ಹೋದಾಗಲೂ ಆ ಸಮಯ ಬಂದಿರಲಿಲ್ಲ. ಭಾವನೂ ಮನೆಯಲ್ಲಿರಲಿಲ್ಲ. ಗಿರಾಕಿಯ ಅಂಗಿ ಕೊಡಲು ಕಡಲ ಬದಿಯ ತೆಂಗಿನಗುಂಡಿ ಊರಿಗೆ ಹೋಗಿದ್ದಾರೆ ಎಂದಳು ಅಕ್ಕ. ಆದರೆ ಬೇಲಿಯಾಚೆಯ ನೆರೆಮನೆಯಾಕೆ ಬೇರೆಯೇ ಸುದ್ದಿ ಕೊಟ್ಟಳು. ಡಾಕ್ಟರ ಗ್ಯಾಸಿನ ಗುಳಿಗೆಯಿಂದ ಏನೂ ಗುಣ ಕಾಣಲಿಲ್ಲವಂತೆ, ಎಣ್ಣೆ ಬಾಟಲಿ ಹಿಡಿದುಕೊಂಡು ಅಲ್ಲಿಯ ಅಜ್ಜಿಯೊಬ್ಬಳ ಹತ್ತಿರ ಬಟ್ಟಿ ತೆಗೆಸಲು ಹೋದರು ಎಂದಳು.

ಹೋಗದೆ ಏನು ಮಾಡುತ್ತಾರೆ? ಗ್ಯಾಸು ಎಂದದ್ದು ನಾವು. ಗ್ಯಾಸು ಎಲ್ಲಿಯಾದರೂ ಬಡಿಯುತ್ತದೆಯೇ? ಬಡಿಯುವುದು ಬಟ್ಟಿ. ಬಟ್ಟಿಗೆ ಮದ್ದು ತಿಕ್ಕುವುದು.

ಅಕ್ಕನ ಮುಖ ಸುಣ್ಣವಾಯಿತು. ನೆರೆಮನೆಯ ಸೈಕಲ್ಲು ತೆಗೆದುಕೊಂಡು ಹೊರಟೆ. ಸಿಕ್ಕ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ತೆಂಗಿನಗುಂಡಿ ಅಷ್ಟು ದೂರವೆಂದು ನನಗೆ ಅಂದೇ ಗೊತ್ತಾದದ್ದು. ಬಟ್ಟಿ ತೆಗೆಯುವ ಅಜ್ಜಿಯ ಅಂಗಳ ತಲುಪಿದಾಗ ಭಾವ ಅಂಗಿ ಕಳಚಿ ಚಾಪೆಯ ಮೇಲೆ ಮಲಗಿದ್ದರು. ಅಜ್ಜಿ ಅಂಗೈಗೆ ಎಣ್ಣೆ ಹಾಕಿ ಉಜ್ಜಿಕೊಳ್ಳುತ್ತಿದ್ದಳು. ಬೇಡ, ಬೇಡ ಎಂದು ಕೂಗುತ್ತಾ ಸೈಕಲ್ಲನ್ನು ಅಲ್ಲೇ ಕೆಡವಿ ಇಬ್ಬರ ನಡುವೆ ಹೋಗಿ ಕೂತೆ.

ಅಜ್ಜಿಗೆ ಸಿಟ್ಟು ಬಂತು. ಅರ್ಧ ಭಟ್ಕಳದ ಬಟ್ಟಿ ಕೂರಿಸಿದ ಕೈ ಇದು ಎಂದು ಗೊಣಗುತ್ತಾ ಒಳಗೆ ಹೋದಳು. ಭಾವನಿಗೆ ಅದಕ್ಕಿಂತ ಹೆಚ್ಚು ಸಿಟ್ಟು. ಗ್ಯಾಸಿನವನು ಬಟ್ಟಿ ತೆಗೆಸಿದರೆ ನಿನಗೆಂತ ಆಯಿತು ಎಂದು ಗದರಿದರು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಸಮುದ್ರದ ದಂಡೆಗೆ ಕರೆದುಕೊಂಡು ಹೋಗಿ ಕೂರಿಸಿ, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಕದಿರು, ಚೀಲ, ಪದರ, ಎಲ್ಲ. ಅಕ್ಕನ ವಿಷಯ ಮಾತ್ರ ಬಿಟ್ಟೆ.

ಭಾವನದು ಒಂದೇ ಪ್ರಶ್ನೆ. "ಎಂಥ ಬಟ್ಟೆ ಹೊಲೀತಾರಂತೆ?"

ಟೆರಿಲೀನಿನ ಜಾತಿಯದಂತೆ ಎಂದೆ.

"ಹಂಗಾದ್ರೆ ಅಡ್ಡಿಲ್ಲ. ಟೆರಿಲೀನ್ ಕುಗ್ಗೂದಿಲ್ಲ. ಹೊಲೀವಾಗ ಜಾರ್ತದೆ, ಹೊಲಿಯುವವನ ಕೈ ಒಳ್ಳೇದಿರಬೇಕು."

ಹಾಗೆಂದು ಅಂಗಿ ತೊಟ್ಟರು. ಮೂವತ್ತು ವರ್ಷದಿಂದ ಊರಿಗೆಲ್ಲ ಕಾಜಾ ಹೊಲಿದುಕೊಟ್ಟ ಬೆರಳುಗಳಿಗೆ ತನ್ನದೇ ಅಂಗಿಯ ಕಾಜಾ ಸಿಗಲಿಲ್ಲ. ಗುಂಡಿ ನಾನೇ ಹಾಕಿಕೊಟ್ಟೆ. ಅವರು ನನ್ನ ಕೈಯನ್ನು ಹಿಡಿದುಕೊಂಡರು.

"ನಿನ್ನ ಅಕ್ಕಂಗೆ ಹೇಳಬೇಡ. ಅವಳು ಹೆದರ್ತಳೆ. ಬೊಂಬಾಯಿ ಮಾತು ಸಮಯ ನೋಡಿ ನಾನೇ ತೆಗೀತೆ. ಆಣೆ ಮಾಡು."

ಮಾಡಿದೆ. ಇನ್ನೇನು ಮಾಡಲಿ?

ಇದಾಗಿ ಎರಡು ವಾರವಾಯಿತು. ಭಾವ ಬಗ್ಗುವ ಮೊದಲೇ ಅಕ್ಕ ಓಡಿಬಂದು ಕೊಡಪಾನ ಎತ್ತುತ್ತಾಳೆ. ಯಾಕೆ ಎಂದು ಭಾವ ಕೇಳುವುದಿಲ್ಲ. ಹೊಲಿಗೆ ಮಷೀನನ್ನು ಸರಿಸಲು ಭಾವ ಪಕ್ಕದ ಅಂಗಡಿಯವನನ್ನು ಕರೆಯುತ್ತಾರೆ. ಅಕ್ಕನೂ ಯಾಕೆಂದು ಕೇಳುವುದಿಲ್ಲ. ಯಾರಾದರೂ ಆರೋಗ್ಯ ವಿಚಾರಿಸಿದರೆ ಗಂಡ ಹೆಂಡತಿ ಇಬ್ಬರೂ ಒಂದೇ ಬಾಯಲ್ಲಿ ಗ್ಯಾಸು ಎನ್ನುತ್ತಾರೆ. ಇಬ್ಬರೂ ಸಮಯ ನೋಡುತ್ತಿದ್ದಾರೆ. ಆ ಉಬ್ಬು ಇವರಿಗಾಗಿ ಸಮಯ ನೋಡುತ್ತದೆಯೇ? ಹೊನ್ನಾವರದಲ್ಲಿ ಕೂತ ನಾನು, ಆಫೀಸಿನ ಬಾಗಿಲಲ್ಲಿ ತಂತಿ ಪೇದೆಯ ಸೈಕಲ್ಲು ಕಂಡರೆ ಕೆಲಸ ಬಿಟ್ಟು ಎದ್ದು ಹೋಗಿ ತಂತಿ ಯಾರಿಗೆಂದು ಕೇಳುತ್ತೇನೆ.

ಬಾಯಿಬಿಟ್ಟು ಹೇಳುವುದಿಲ್ಲ ಎಂದು ಇಬ್ಬರಿಗೂ ಆಣೆ ಮಾಡಿದ್ದೇನೆ. ಈ ಅಂಕಣವನ್ನು ಅವರಿಬ್ಬರೂ ತಪ್ಪದೆ ಓದುತ್ತಾರೆ.

ಅಕ್ಕಾ, ಭಾವಾ, ಬೊಂಬಾಯಿಗೆ ಹೊರಡುವುದು ಯಾವಾಗ?